ಶಿವನಿಗೆ ಹಚ್ಚಿದ ‘ರಿ’

ಮೊನ್ನೆ ಭಾನುವಾರ ಮಗಳ ಜನ್ಮದಾಖಲೆ ಹುಡುಕಬೇಕಾಗಿ ಬಂದು ಮೇಜಿನ ಕೆಳಗಿನ ಖಾನೆ ಎಳೆದೆ. ದಾಖಲೆ ಸಿಗಲಿಲ್ಲ, ಬೇಕಾದಾಗ ಸಿಗುವ ಜಾತಿಯದಲ್ಲ ಅದು. ಸಿಕ್ಕಿದ್ದು ಒಂದು ರಬ್ಬರ್ ಶಿಕ್ಕಾ. ಹೆಬ್ಬೆರಳಿನಷ್ಟು ಉದ್ದದ ಕಟ್ಟಿಗೆಯ ಹಿಡಿಕೆ, ತಳದಲ್ಲಿ ಒಣಗಿ ಗಟ್ಟಿಯಾದ ನೀಲಿ ಶಾಯಿ. ಶಿಕ್ಕಾ ಅಂದಮೇಲೆ ಅದರಲ್ಲಿ ‘ಮುಖ್ಯೋಪಾಧ್ಯಾಯರು’ ಅಂತಲೋ ‘ಕಾರ್ಯದರ್ಶಿ’ ಅಂತಲೋ ಇರಬೇಕು, ಏನೂ ಇಲ್ಲದಿದ್ದರೆ ‘ಸ್ವೀಕರಿಸಿದೆ’ ಅಂತಾದರೂ ಇರಬೇಕು. ಇದರಲ್ಲಿ ಇರುವುದು ಒಂದೇ ಅಕ್ಷರ. ‘ರಿ’.

ಇಂಥ ಶಿಕ್ಕಾ ಲೋಕದಲ್ಲಿ ಇದೊಂದೇ ಇದ್ದೀತು ಅಂತ ನನ್ನ ಅಂದಾಜು. ಗೋಕಾಕದ ಸಂತೆಪೇಟೆಯಲ್ಲಿ ಇದನ್ನು ಮಾಡಿಕೊಟ್ಟ ಮುದುಕನೂ ಹಾಗೇ ಅಂದಿದ್ದ. ನಾನು ಚೀಟಿ ಕೊಟ್ಟಾಗ ಅದನ್ನು ತಿರುಗಿಸಿ ಹಿಂದೆ ನೋಡಿದ, ಮತ್ತೆ ಮುಂದೆ ನೋಡಿದ.

‘ಉಳಿದದ್ದು ಎಲ್ಲೈತ್ರಿ ಸರ?’

‘ಇಷ್ಟ.’

‘ಬರೇ ರಿ?’

‘ಬರೇ ರಿ.’

‘ಯಾರಿಗ್ರಿ?’

‘ಶಿವಗ’ ಅಂದೆ. ಮುದುಕ, ಮಾಸ್ತರರ ತಲೆ ಆಗಾಗ ಹೀಗಾಗುವುದುಂಟು ಅನ್ನುವ ಹಾಗೆ ಕಣ್ಣಿಗೆ ಮಸೂರ ಏರಿಸಿಕೊಂಡು ಕೆಲಸಕ್ಕೆ ಕೂತ.

ನಮ್ಮ ಸೀಮೆಯವರಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಮನುಷ್ಯನ ಮರ್ಯಾದೆ ಮಾತಿನ ಬಾಲದಲ್ಲಿ ಇರುತ್ತದೆ. ‘ಬಾ’ ಅಂದರೆ ನೀವು ನಮ್ಮವರು, ಇಲ್ಲವೇ ನಮಗಿಂತ ಕೆಳಗಿನವರು. ‘ಬರ್ರಿ’ ಅಂದರೆ ನಿಮಗೆ ಏನೋ ಒಂದು ಬಂದಿದೆ. ಹೊಲ, ನೌಕರಿ, ಮೀಸೆ, ಯಾರದೋ ಮನೆಯ ಅಳಿಯತನ, ಏನೋ ಒಂದು. ಆ ಸಣ್ಣ ಅಕ್ಷರ ಹಚ್ಚಿಸಿಕೊಳ್ಳಲು ಕೆಲವರಿಗೆ ಹುಟ್ಟಿದರೆ ಸಾಕು, ಕೆಲವರಿಗೆ ಮೂವತ್ತು ವರ್ಷ ಬೇಕು.

ನನಗೆ ಇಪ್ಪತ್ತೆರಡು ಬೇಕಾಯಿತು. ಕುಲಗೋಡದ ಕುರಿ ಕಾಯುವ ಮನೆತನ ನಮ್ಮದು. ಹುಟ್ಟಿದಾಗಿನಿಂದ ನಾನು ‘ಲಕ್ಕ್ಯಾ’. ಕುಲಗೋಡದಿಂದ ಗೋಕಾಕಕ್ಕೆ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಮೂರು ವರ್ಷ ಕಂಡಕ್ಟರ ನನಗೆ ಅಂದದ್ದು ಒಂದೇ ವಾಕ್ಯ: ‘ಏ ಲಕ್ಕ್ಯಾ, ಬಾಗಲಾ ಬಿಟ್ಟ ಸರಿಯಲೇ.’ ಬಿ.ಎ. ಪಾಸಾದೆ. ನಮ್ಮ ಮನೆಯಲ್ಲಿ ಬಿ.ಎ. ಅನ್ನುವ ಎರಡಕ್ಷರವನ್ನು ಉಚ್ಚರಿಸಿದವನೇ ನಾನು ಮೊದಲು. ನಮ್ಮ ಸೋದರಮಾವ ಬಸ್ಸಿನಲ್ಲಿ ಎಲ್ಲರಿಗೂ ಪೇಡೆ ಹಂಚಿದ. ಕಂಡಕ್ಟರನೂ ಒಂದು ತಿಂದು, ಬೆರಳು ನೆಕ್ಕಿ, ‘ಲಕ್ಕಪ್ಪ, ಒಳಗ ಬರ್ರಿ, ಜಾಗಾ ಐತಿ’ ಅಂದ. ಜಾಗ ಇರಲಿಲ್ಲ. ಆದರೂ ಒಳಗೆ ಹೋದೆ. ಆ ‘ಬರ್ರಿ’ಯನ್ನು ಬಾಯಿ ಮುಚ್ಚಿಕೊಂಡು ಚಪ್ಪರಿಸುತ್ತ ನಿಂತು, ಇಳಿಯುವ ನಿಲ್ದಾಣ ದಾಟಿ ಮೂರು ನಿಲ್ದಾಣ ಮುಂದೆ ಹೋದೆ.

ಮುಂದೆ ಎಂ.ಎ. ಆಯಿತು, ಬಿ.ಎಡ್. ಆಯಿತು, ಮಮದಾಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರಿಕೆ ಸಿಕ್ಕಿತು, ಗೋಕಾಕದಲ್ಲಿ ಮನೆಯಾಯಿತು. ಬಾಗಿಲಿಗೆ ಹಿತ್ತಾಳೆಯ ಪಾಟಿ ಹಾಕಿಸಿದೆ: ‘ಲಕ್ಕಪ್ಪ, ಎಂ.ಎ., ಬಿ.ಎಡ್.’ ಕೊನೆಯ ಚುಕ್ಕಿಗಳನ್ನೂ ಬಿಡದೆ ಕೆತ್ತಿಸಿದೆ. ಪ್ರತಿ ಶುಕ್ರವಾರ ಹುಣಸೆಹಣ್ಣು ಹಚ್ಚಿ ತಿಕ್ಕುತ್ತೇನೆ. ಈಗ ಓಣಿಯಲ್ಲಿ ನಾನು ‘ಸರ್ರ’. ಹಾಲಿನವನು ರಿ, ಅಂಗಡಿಯವನು ರಿ, ಹೆಂಡತಿಯ ತವರಿನವರು ಎರಡೆರಡು ರಿ.

ನನ್ನ ಜೊತೆಗೇ ಇರುವ ನಮ್ಮವ್ವ ಲಗಮವ್ವ ಮಾತ್ರ ಇನ್ನೂ ‘ಲೇ ಲಕ್ಕ್ಯಾ’ ಅಂತಲೇ ಕರೆಯುತ್ತಾಳೆ, ಅದೂ ಪಾಟಿಯ ಬುಡದಲ್ಲಿ ನಿಂತು. ಒಮ್ಮೆ ಶಾಲೆಯ ಆಡಳಿತ ಮಂಡಳಿಯವರು ಮನೆಗೆ ಬಂದಾಗ ಆಕೆಗೆ ಮೊದಲೇ ಕಿವಿಯಲ್ಲಿ ಹೇಳಿದ್ದೆ. ‘ಆಗಲಿ’ ಅಂದಳು. ಅವರೆದುರು ಬಂದು, ‘ಲೇ ಲಕ್ಕ್ಯಾ, ನಿನಗ ರಿ ಅನ್ನಬೇಕಂತಲ್ಲ ಇವತ್ತ, ಯಾಕ?’ ಅಂದಳು.

ಇನ್ನು ದೇವರ ವಿಷಯ. ನಮ್ಮ ಕಡೆ ಮಕ್ಕಳಿಗೆ ದೇವರ ಹೆಸರನ್ನೇ ಇಡುತ್ತೇವೆ. ಭಕ್ತಿಯಿಂದ, ಐದು ಮಂದಿ ಮುತ್ತೈದೆಯರನ್ನು ಕೂಡಿಸಿ, ತೊಟ್ಟಿಲು ತೂಗಿ ಇಡುತ್ತೇವೆ. ಮಾರನೆಯ ದಿನದಿಂದ ಆ ಹೆಸರಿನ ಬೆನ್ನು ಮುರಿದು ಒಂದು ‘ಯಾ’ ಹಚ್ಚುತ್ತೇವೆ. ಶಿವಪ್ಪ ಶಿವ್ಯಾ, ಬಸಪ್ಪ ಬಸ್ಯಾ, ಸಿದ್ದಪ್ಪ ಸಿದ್ಯಾ. ಓಣಿಯಲ್ಲಿ ನಿಂತು ಕೇಳಿದರೆ ಮುಂಜಾನೆಯ ಹೊತ್ತಿಗೆ ಕೈಲಾಸದ ಅರ್ಧ ಮಂದಿ ಬೈಸಿಕೊಂಡಿರುತ್ತಾರೆ. ಯಾವ ದೇವರೂ ಇದನ್ನು ಮನಸ್ಸಿಗೆ ಹಚ್ಚಿಕೊಂಡ ಸುದ್ದಿ ನನಗೆ ಗೊತ್ತಿಲ್ಲ. ಗುಡಿಗೆ ಹೋದಾಗಲೂ ಅಷ್ಟೇ. ‘ಕಾಯೋ ತಂದಿ’ ಅನ್ನುತ್ತೇವೆಯೇ ಹೊರತು ‘ದಯವಿಟ್ಟು ಕಾಯಬೇಕ್ರಿ ಸಾಹೇಬ್ರ’ ಅಂತ ಯಾರೂ ಅಡ್ಡಬಿದ್ದದ್ದನ್ನು ನಾನು ಕಂಡಿಲ್ಲ. ತಹಶೀಲ್ದಾರರ ಕಚೇರಿಯಲ್ಲಿ ಕಂಡಿದ್ದೇನೆ.

ನಮ್ಮವ್ವ ಹೇಳುವ ಒಂದು ಕಥೆಯುಂಟು. ಕುರಿಯ ಉಣ್ಣೆ ಕತ್ತರಿಸುವ ದಿನ ಅಂಗಳದ ತುಂಬ ಮಕ್ಕಳನ್ನು ಕೂಡಿಸಿಕೊಂಡು ಹೇಳುತ್ತಿದ್ದಳು. ಆಕೆಗೆ ಆಕೆಯ ಅವ್ವ ಹೇಳಿದ್ದು.

ಶಿವನಿಗೆ ಕೈಲಾಸದ ಥಂಡಿ ಬೇಸರವಾಯಿತಂತೆ. ಪಾರ್ವತಿಯನ್ನು ಕರೆದುಕೊಂಡು ನಮ್ಮ ಎರೆಭೂಮಿಗೆ ಬಂದು ಕುರಿ ಕಾಯಲು ಹಿಡಿದ. ಒಂದು ದಿನ ಮಧ್ಯಾಹ್ನ ಜಾಲಿಯ ನೆರಳಿಗೆ ಮಲಗಿಬಿಟ್ಟ. ಸಂಜೆಗೆ ಪಾರ್ವತಿ ನಾಯಿಯ ಜೊತೆ ಹಟ್ಟಿಯ ಬಾಯಲ್ಲಿ ನಿಂತು ನೋಡುತ್ತಾಳೆ, ಒಂದು ಮರಿ ಕಡಿಮೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂದಳಂತೆ: ‘ಏನಲೇ ಶಿವ್ಯಾ, ಮೂರ ಕಣ್ಣ ಇಟಗೊಂಡ ಒಂದ ಮರಿ ಕಾಯಾಕ ಆಗಲಿಲ್ಲೇನ ನಿನಗ?’ ಶಿವ ತಲೆಯ ಮೇಲಿನ ಚಂದ್ರನನ್ನು ತೆಗೆದು ಕಂದೀಲಿನ ಹಾಗೆ ಕೈಯಲ್ಲಿ ಹಿಡಿದು ಮರಿ ಹುಡುಕಲು ಹೋದ. ಅಮಾವಾಸ್ಯೆ ಯಾಕೆ ಬರುತ್ತದೆ ಅಂದರೆ ಅವತ್ತು ಕಂದೀಲಿನ ಎಣ್ಣೆ ತೀರಿರುತ್ತದೆ. ಅವನು ಅತ್ತ ಹೋದ, ಇತ್ತ ಮರಿ ತಾನಾಗಿಯೇ ಮನೆಗೆ ಬಂತು. ಶಿವ ಇನ್ನೂ ಹುಡುಕುತ್ತಲೇ ಇದ್ದಾನೆ.

ಇಲ್ಲಿಗೆ ಅವ್ವ ಕಥೆ ನಿಲ್ಲಿಸುತ್ತಿದ್ದಳು. ಮುಗಿಸಬೇಕಾದವರು ನಾವು. ಮಕ್ಕಳೆಲ್ಲ ಎದ್ದು ಹೊಸ್ತಿಲ ಮೇಲೆ ನಿಂತು ಹೊಲದ ಕಡೆ ಮುಖ ಮಾಡಿ, ಪಾರ್ವತಿಯ ಪರವಾಗಿ ಕೂಗಬೇಕು: ‘ಲೇ ಶಿವ್ಯಾ, ಮರಿ ಬಂದೈತಿ, ಉಣ್ಣಾಕ ಬಾರಲೇ!’ ಕೂಗದಿದ್ದರೆ ಅವನು ಉಪವಾಸ ಉಳಿಯುತ್ತಾನೆ. ಇದು ಆ ಕಥೆಯ ಕಟ್ಟಳೆ. ಕೂಗಿದ ಮೇಲೆಯೇ ನಮಗೂ ರೊಟ್ಟಿ. ದೇವರು ಉಣ್ಣದೆ ನಾವು ಉಂಡೇವೆಯೇ ಅನ್ನುವ ಭಕ್ತಿ ನಮಗಿರಲಿಲ್ಲ; ಹಸಿವಿತ್ತು, ಅದಕ್ಕೇ ಜೋರಾಗಿ ಕೂಗುತ್ತಿದ್ದೆವು. ನಮ್ಮಲ್ಲಿ ಎಲ್ಲರಿಗಿಂತ ಜೋರು ಗಂಟಲು ಬಾಜೂ ಮನೆಯ ಸದಾಶಿವನದು. ಸದ್ಯಾ. ಅವನ ಕೂಗಿಗೆ ಕುರಿಗಳು ಎದ್ದು ನಿಲ್ಲುತ್ತಿದ್ದವು.

ಗೋಕಾಕಕ್ಕೆ ಬಂದ ಮೇಲೆ ಉಣ್ಣೆ ಕತ್ತರಿಸುವ ದಿನವಿಲ್ಲ, ಆದರೆ ಕಥೆ ಇತ್ತು. ನನ್ನ ಮಗಳು ಭಾಗ್ಯಾ ಆಗಾಗ ಕಾಡಿ ಹೇಳಿಸಿಕೊಳ್ಳುತ್ತಿದ್ದಳು, ಸಂಜೆ ಬಾಗಿಲಿಗೆ ನಿಂತು ಕೂಗುತ್ತಿದ್ದಳು. ಈಗ ಆ ಕೂಗು ನಿಂತು ವರ್ಷದ ಮೇಲಾಯಿತು. ನಿಲ್ಲಿಸಿದವನು ನಾನು. ಅದಕ್ಕೇ ಈ ಶಿಕ್ಕಾ ಕೈಗೆ ಸಿಕ್ಕ ಕೂಡಲೇ ಕಳ್ಳತನದ ಮಾಲು ಸಿಕ್ಕವನ ಹಾಗೆ ಸುತ್ತ ನೋಡಿದ್ದು.

ಆದದ್ದು ಇಷ್ಟು. ಮೂಡಲಗಿಯಲ್ಲಿ ನಮ್ಮಂಥ ಬರೆಯುವ ಮಾಸ್ತರರದೇ ಒಂದು ಸಣ್ಣ ಬಳಗವಿದೆ. ಅದಕ್ಕೆ ಒಂದು ಸಂಚಿಕೆ ತರುವ ಹುಕ್ಕಿ ಬಂತು. ನಾನು ಅವ್ವನ ಕಥೆಯನ್ನೇ ಬರೆದುಕೊಟ್ಟೆ. ಮೊದಲ ಸಲ ಬರೆದಾಗ ನನ್ನ ಎಂ.ಎ. ಅಡ್ಡ ಬಂತು. ಪಾರ್ವತಿ ‘ಎಲೈ ತ್ರಿನೇತ್ರನೇ, ನಿನ್ನ ಜಾಗರೂಕತೆ ಎಲ್ಲಿ ಹೋಯಿತು?’ ಅಂದಳು. ಅವ್ವನಿಗೆ ಓದಿ ಹೇಳಿದೆ. ‘ಇದ್ಯಾರ ಹೆಂಗಸು?’ ಅಂದಳು. ಹರಿದು ಹಾಕಿ, ಅವ್ವ ಹೇಳಿದ ಹಾಗೇ ಬರೆದೆ. ಕೆಳಗೆ ಹೆಸರು ಮಾತ್ರ ನನ್ನದು ಹಾಕಿದೆ, ಪಾಟಿಯಲ್ಲಿರುವ ಹಾಗೆ, ಚುಕ್ಕಿಗಳ ಸಮೇತ. ಅವ್ವನ ಹೆಸರು ಹಾಕಬೇಕು ಅಂತ ಹೊಳೆಯಲಿಲ್ಲ. ಹೊಳೆಯಲಿಲ್ಲ ಅಂತ ಬರೆಯುವಾಗ ಈಗಲೂ ಕೈ ಸ್ವಲ್ಪ ತಡವರಿಸುತ್ತದೆ.

ಮುನ್ನೂರು ಪ್ರತಿ ಅಚ್ಚಾದವು. ಬಿಡುಗಡೆಗೆ ಎಂಟು ದಿನ ಮೊದಲು ಯಾರೋ ಒಬ್ಬರು ಒಂದು ಪುಟದ ಫೋಟೋ ತೆಗೆದು ‘ಏನಲೇ ಶಿವ್ಯಾ’ ಅನ್ನುವಲ್ಲಿ ಕೆಂಪು ಗೆರೆ ಎಳೆದು ವಾಟ್ಸಾಪಿಗೆ ಬಿಟ್ಟರು. ಮೂಡಲಗಿಯಲ್ಲಿ ಹುಟ್ಟಿದ ಫೋಟೋ ಮಧ್ಯಾಹ್ನಕ್ಕೆ ಹುಕ್ಕೇರಿ ಮುಟ್ಟಿತು. ನನ್ನ ಹತ್ತು ವರ್ಷದ ಬರವಣಿಗೆ ಒಟ್ಟು ಇಷ್ಟು ದೂರ ಹೋಗಿರಲಿಲ್ಲ. ಸಂಜೆಯ ಹೊತ್ತಿಗೆ ನನ್ನ ಮೊಬೈಲಿಗೇ ಬಂತು, ‘ನಿಜವಾದ ಭಕ್ತನಾಗಿದ್ದರೆ ಹನ್ನೊಂದು ಮಂದಿಗೆ ಕಳಿಸು’ ಅನ್ನುವ ಸೂಚನೆಯೊಂದಿಗೆ.

ಶಾಲೆಯ ಆಡಳಿತ ಮಂಡಳಿಯ ಹಿರಿಯರು ಫೋನ್ ಮಾಡಿದರು. ‘ಸರ್ರ, ನೀವು ಕನ್ನಡ ಕಲಸ್ರಿ. ದೇವರನ್ನ ಅದರಾಗ ಕಲಸಬ್ಯಾಡ್ರಿ.’ ಮಾತು ಚೆನ್ನಾಗಿತ್ತು. ಶ್ಲೇಷೆಯ ಉದಾಹರಣೆಗೆ ಬರೆದಿಟ್ಟುಕೊಂಡೆ.

ಮರುದಿನ ಬಳಗದ ಅಧ್ಯಕ್ಷರು ಮೂಡಲಗಿಗೆ ಕರೆಸಿದರು. ಅವರದು ಅರಿವೆ ಅಂಗಡಿ; ಮಾಳಿಗೆಯ ಮೇಲೆ, ಬಟ್ಟೆಯ ಥಾನುಗಳ ನಡುವೆ ಬೈಠಕ್. ಅವ್ವನಿಗೆ ಅಲ್ಲೇ ಕಣ್ಣು ತೋರಿಸುವುದಿತ್ತು, ಜೊತೆಗೆ ಕರೆದೊಯ್ದಿದ್ದೆ. ಮೂಲೆಯಲ್ಲಿ ಕೂರಿಸಿದೆ. ಸ್ವಲ್ಪ ಹೊತ್ತಿಗೆ ಹತ್ತಾರು ಮಂದಿ ದಡದಡ ಮೆಟ್ಟಿಲು ಹತ್ತಿ ಬಂದರು. ಮುಂದಿದ್ದವನು ಸದ್ಯಾ. ಅವನು ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ ಹೆದ್ದಾರಿಯ ಪಕ್ಕ ಸಿಮೆಂಟಿನ ಅಂಗಡಿ ಇಟ್ಟು ಚೆನ್ನಾಗಿದ್ದಾನೆ ಅಂತ ಕೇಳಿದ್ದೆ. ಬಿಳಿ ಅಂಗಿ, ಹಣೆಯ ಅಗಲಕ್ಕೂ ವಿಭೂತಿ. ಅವನ ಜೊತೆಯವರು ಅವನನ್ನು ‘ಸದಾಶಿವಣ್ಣಾರು’ ಅನ್ನುತ್ತಿದ್ದರು. ನನಗೆ ಯಾರ ಬಗ್ಗೆ ಮಾತಾಡುತ್ತಿದ್ದಾರೆ ಅಂತ ತಿಳಿಯಲು ಒಂದು ಗಳಿಗೆ ಬೇಕಾಯಿತು.

ಅವನ ಬೆನ್ನಿಗಿದ್ದ ಒಬ್ಬ ದಪ್ಪ ಮನುಷ್ಯ ಅವ್ವನ ಕಡೆ ಕೈ ಬೀಸಿ, ‘ಏ ಮುದುಕಿ, ಬಾಜೂ ಸರಿ, ಅಣ್ಣಾರು ಕುಂದರ್ತಾರ’ ಅಂದ. ಅವ್ವ ಸರಿದಳು. ಆಮೇಲೆ ಆ ಮನುಷ್ಯ ನನ್ನ ಕಡೆ ತಿರುಗಿ, ದೇವರಿಗೆ ಗೌರವ ಕೊಡುವುದು ಹೇಗೆಂದು ಹೇಳಲು ಶುರುಮಾಡಿದ.

‘ಪಾರ್ವತಿ ಗಂಡಗ ಲೇ ಅಂತಾಳಂತ? ಅದೂ ಅಂಥಾ ಗಂಡಗ?’

ಅಧ್ಯಕ್ಷರು ಮೆಲ್ಲಗೆ, ‘ಕಥಿ ಪೂರ್ತಿ ಓದೀರ್ಯಾ?’ ಅಂದರು.

‘ಓದೂದ ಯಾಕ ಬೇಕ್ರಿ? ಫೋಟೋ ಐತಿ’ ಅಂದ ದಪ್ಪ ಮನುಷ್ಯ.

ಮೂಲೆಯಿಂದ ಅವ್ವ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಪೊರೆ ಬಂದ ಕಣ್ಣು. ಮುಖ ಸರಿಯಾಗಿ ಕಾಣುವುದಿಲ್ಲ. ಸದ್ಯಾ ಬಾಯಿ ತೆರೆದು ಒಂದು ಮಾತಾಡಿದ್ದೇ ತಡ, ಗಂಟಲ ಗುರುತು ಹಿಡಿದಳು.

‘ಲೇ ಸದ್ಯಾ! ಬಸವ್ವನ ಮಗ ಅಲ್ಲೇನ ನೀ?’

ದಪ್ಪ ಮನುಷ್ಯ ಏನೋ ಅನ್ನಲು ಹೋದ. ಸದ್ಯಾ ಕೈ ಅಡ್ಡ ಹಿಡಿದ.

‘ಹೌದ ಆಯಿ.’

‘ನಮ್ಮ ಹೊಸ್ತಿಲ ಮ್ಯಾಲ ನಿಂತು ಶಿವಗ ಎಲ್ಲಾರಕಿಂತ ಜೋರ ಕೂಗಾಂವ ನೀನ ಅಲ್ಲ? ಈಗ ಏನಾಗೇತಿ, ಗಂಟಲ ಬಿದ್ದೈತೇನ?’

ಯಾರೋ ನಕ್ಕರು. ಅಧ್ಯಕ್ಷರೇ ಇರಬೇಕು, ಕೂಡಲೇ ಕೆಮ್ಮಾಗಿ ಬದಲಿಸಿದರು.

ಸದ್ಯಾ ತಲೆ ತಗ್ಗಿಸಿದ. ‘ಆವಾಗಿನ ಮಾತ ಬ್ಯಾರೆ ಆಯಿ.’

‘ಏನ ಬ್ಯಾರೆ? ಶಿವ ಬ್ಯಾರೆ ಆಗ್ಯಾನೇನ?’

‘ಶಿವ ಬ್ಯಾರೆ ಆಗಿಲ್ಲ. ನಾವು ಬ್ಯಾರೆ ಆಗೇವಿ.’

ಆಮೇಲೆ ಅವನು ನನ್ನ ಕಡೆ ತಿರುಗಿದ. ದನಿ ಇಳಿಸಿ ಮಾತಾಡಿದ. ‘ಲಕ್ಕಪ್ಪ, ಬಾಯಾಗ ಇರೂತನ ಅದು ನಮ್ಮ ಮನೀ ಮಾತು. ಹಾಳ್ಯಾಗ ಬಂದ ಮ್ಯಾಲ ಊರ ಮಾತು. ನಮ್ಮಪ್ಪಗ ಸಾಯೂತನ ಯಾರೂ ರಿ ಅನ್ನಲಿಲ್ಲ. ನನಗ ಈಗ ಈಗ ಅನ್ನಾಕತ್ತಾರ. ನಿನಗೂ ಅಷ್ಟ. ಮಂದಿ ನಮ್ಮ ದೇವರಿಗರೆ ಏನ ಅಂತಾರ? ಕುರುಬರ ದೇವರು, ಹೆಂಡ್ತಿ ಕೈಲೆ ಬೈಸ್ಕೊಳ್ಳಾಂವ ಅಂತಾರ. ನಗಾಕ ನೀನ ಬರದ ಕೊಟ್ಟಂಗ ಆಗೂದಿಲ್ಲೇನ?’

ನಿಜ ಹೇಳುತ್ತೇನೆ. ಮನೆಯಿಂದ ಬರುವಾಗ ಹತ್ತು ಉತ್ತರ ತಯಾರು ಮಾಡಿಕೊಂಡು ಬಂದಿದ್ದೆ. ಜನಪದ, ಪರಂಪರೆ, ಕಲ್ಪನೆಯ ಸ್ವಾತಂತ್ರ್ಯ, ಎಲ್ಲವಕ್ಕೂ ಅಡಿಟಿಪ್ಪಣಿ ಸಮೇತ. ಆದರೆ ಈ ಮಾತು ಕೇಳಿದ್ದೇ ನನ್ನ ಬಾಗಿಲ ಹಿತ್ತಾಳೆ ಪಾಟಿ ಕಣ್ಣ ಮುಂದೆ ಬಂತು. ಶುಕ್ರವಾರದ ಹುಣಸೆಹಣ್ಣು ನೆನಪಾಯಿತು. ಸದ್ಯಾ ತನಗೆ ಸಿಕ್ಕದ್ದನ್ನೇ ದೇವರಿಗೂ ಕೊಡಿಸಲು ಬಂದಿದ್ದ. ಅದಕ್ಕಿಂತ ದೊಡ್ಡದು ಅವನ ಹತ್ತಿರವೂ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ.

‘ಏನ ಮಾಡೂಣು?’ ಅಂದೆ.

‘ಏನೂ ಬ್ಯಾಡ. ಒಂದ ರಿ ಹಚ್ಚು.’

ಅಧ್ಯಕ್ಷರ ಮುಖ ಅರಳಿತು. ಸಂಚಿಕೆ ಸುಡಬೇಕು ಅಂತಾರೆ, ಮಾಸ್ತರ ಕ್ಷಮೆ ಕೇಳಬೇಕು ಅಂತಾರೆ ಅಂತ ಹೆದರಿ ಕೂತಿದ್ದವರಿಗೆ ಒಂದೇ ಅಕ್ಷರದಲ್ಲಿ ಮುಗಿಯಿತೆಂದರೆ ಹಬ್ಬ. ಆದರೆ ಪ್ರತಿಗಳು ಅಚ್ಚಾಗಿಬಿಟ್ಟಿದ್ದವು. ಪೆನ್ನಿನಲ್ಲಿ ತಿದ್ದಿದರೆ ಅಸಹ್ಯ ಕಾಣುತ್ತದೆ. ಆಗ ಶಿಕ್ಕಾ ಮಾಡಿಸುವ ಉಪಾಯ ಹೇಳಿದವನು ನಾನೇ. ಹೊಳೆದದ್ದಕ್ಕೆ ಹೆಮ್ಮೆಯೂ ಆಯಿತು. ಓದಿದವರ ತಲೆ ಇಂಥ ವೇಳೆಯಲ್ಲಿಯೇ ಓಡುವುದು.

ಇಳಿಯುವಾಗ ಸದ್ಯಾ ಅವ್ವನ ಕಾಲಿಗೆ ನಮಸ್ಕಾರ ಮಾಡಿದ. ಅವಳು ಅವನ ತಲೆ ಸವರಿ, ‘ಉಂಡ ಹೋಗ್ಬೇಕಿತ್ತು ಸದ್ಯಾ’ ಅಂದಳು. ನನ್ನ ಕೈ ಮಾತ್ರ ಹಿಡಿಯಲಿಲ್ಲ, ಕಣ್ಣಿನ ಡಾಕ್ಟರರ ತನಕ ಗೋಡೆ ಹಿಡಿದೇ ನಡೆದಳು.

ಪ್ರತಿಗಳು ನಮ್ಮ ಮನೆಗೆ ಬಂದವು. ನಾನು ಮತ್ತು ನನ್ನ ಹೆಂಡತಿ ಪಡಸಾಲೆಯಲ್ಲಿ ಕೂತು ಎರಡು ದಿನ ಶಿಕ್ಕಾ ಒತ್ತಿದೆವು. ಒತ್ತುವುದು ಸುಲಭ, ಎಲ್ಲಿ ಒತ್ತುವುದು ಅನ್ನುವುದೇ ಕಷ್ಟ. ಮೊದಲ ವಾಕ್ಯಕ್ಕೇ ವ್ಯಾಕರಣ ಕಾಲು ಮುರಿದುಕೊಂಡು ಬಿತ್ತು. ‘ಏನಲೇ ಶಿವ್ಯಾ ರಿ’. ಲೇ ಅಳಿಸುವ ಹಾಗಿಲ್ಲ, ಅಚ್ಚಾಗಿದೆ. ಇಂಥ ಸಂಬೋಧನೆ ಕನ್ನಡದಲ್ಲಿ ಹಿಂದೆ ಯಾರೂ ಮಾಡಿಲ್ಲ, ಮುಂದೆ ಯಾರಿಂದಲೂ ಆಗುವುದಿಲ್ಲ. ಕಪಾಳಕ್ಕೆ ಹೊಡೆದು ಆರತಿ ಎತ್ತಿದ ಹಾಗಿತ್ತು. ಕೊನೆಯ ಕೂಗು ‘ಉಣ್ಣಾಕ ಬಾರಲೇ ರಿ’ ಆಯಿತು. ಒಂದು ಪ್ರತಿಗೆ ಒಟ್ಟು ಹದಿನೇಳು ಕಡೆ.

ಎರಡನೆಯ ದಿನ ಹೆಂಡತಿಯ ಕೈಗೆ ಹುರುಪು ಬಂತು. ಶಿವನ ಹೆಸರು ಬಂದಲ್ಲೆಲ್ಲ ಒತ್ತುವುದು ಮುಗಿಸಿ, ಪಾರ್ವತಿಗೂ ಒತ್ತಿದಳು. ‘ಬರೇ ಗಂಡಗ ಹಚ್ಚಿ ಹೆಂಡ್ತಿಗೆ ಬಿಟ್ರ ನಾಳೆ ನಾವು ಹೆಂಗಸರು ಬರ್ತೀವಿ ನೋಡ್ರಿ ಬೈಠಕ್ಕಿಗೆ’ ಅಂದಳು. ಸಾಯಂಕಾಲದ ಹೊತ್ತಿಗೆ ಒಂದಿಪ್ಪತ್ತು ಪ್ರತಿಗಳಲ್ಲಿ ಕುರಿಮರಿಗೂ ರಿ ಬಿದ್ದಿತ್ತು. ಒಂದರಲ್ಲಿ ಹಟ್ಟಿಯ ನಾಯಿಗೂ. ಕೇಳಿದರೆ, ‘ಇರ್ಲಿ ಬಿಡ್ರಿ, ಪಾಪ, ಅದೂ ಶಿವನ ಮನೀದ’ ಅಂದಳು.

ಬಿಡುಗಡೆ ಸಾಂಗವಾಗಿ ಆಯಿತು. ಎಲ್ಲರಿಗೂ ಕರದಂಟು ಹಂಚಿದರು. ಸದ್ಯಾನೇ ಮುಂದಿನ ಸಾಲಿನಲ್ಲಿ ಕೂತಿದ್ದ. ಪುಟ ತೆಗೆದು, ನೀಲಿ ರಿಗಳನ್ನು ಬೆರಳಿಟ್ಟು ನೋಡಿ, ಸಮಾಧಾನದಿಂದ ಮುಚ್ಚಿದ. ಕಥೆ ಓದಲಿಲ್ಲ. ಅವನ ಕೈಗೆ ಬಂದದ್ದು ಆ ಒಂದು ಪ್ರತಿಯೇ; ಓದಿದ್ದರೆ ನಾಯಿಯ ವಿಷಯ ಗೊತ್ತಾಗುತ್ತಿತ್ತು. ‘ಚೊಲೋ ಆತ ನೋಡ್ರಿ ಲಕ್ಕಪ್ಪ’ ಅಂದ. ಈ ಸಲ ನನಗೂ ರಿ ಹಚ್ಚಿದ. ಒಂದೇ ಅಂಗಳದಲ್ಲಿ ಬರಿಮೈಯಲ್ಲಿ ಆಡಿದವನು ರಿ ಅಂದಾಗ, ಯಾಕೋ, ಬಸ್ಸಿನ ಕಂಡಕ್ಟರ ಅಂದಾಗಿನ ರುಚಿ ಬರಲಿಲ್ಲ.

ಅಂದು ಸಂಜೆ ಅವ್ವ, ‘ಏನೇನ ಹಚ್ಚೀರಿ, ಒಮ್ಮೆ ಓದು’ ಅಂದಳು. ಓದಿದೆ. ರಿ ಬಂದಲ್ಲೆಲ್ಲ ನನ್ನ ನಾಲಿಗೆ ಎಡವುತ್ತಿತ್ತು. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು. ಕೇಳಿ, ಹಿಟ್ಟಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅಂದಳು:

‘ಆತ ಬಿಡು. ಇಂವಾ ಈಗ ತಹಶೀಲ್ದಾರ ಆದ.’

‘ಮರ್ಯಾದಿ ಕೊಟ್ಟೇವಿ ಅವ್ವ.’

‘ಮರ್ಯಾದಿ ಹೊರಗಿನವರಿಗೆ ಕೊಡತಾರ ಲಕ್ಕ್ಯಾ. ನೀನೂ ಮಾಸ್ತರ ಆದ ಮ್ಯಾಲ ನಾ ರಿ ಹಚ್ಚಿದ್ರ ನೀ ಯಾರ ಮನೀಗೆ ಉಣ್ಣಾಕ ಬರ್ತಿದ್ದಿ?’

ನಾನು ಅದನ್ನೂ ಬರೆದಿಟ್ಟುಕೊಳ್ಳಬಹುದಿತ್ತು. ಬರೆಯಲಿಲ್ಲ.

ಆಮೇಲೆ ಅವ್ವ ಆ ಕಥೆ ಹೇಳುವುದನ್ನು ಬಿಟ್ಟಳು. ಸಿಟ್ಟಿನಿಂದ ಅಂತ ನಾನು ಮೊದಲು ತಿಳಿದಿದ್ದೆ. ಒಂದು ದಿನ ಭಾಗ್ಯಾ ಬಹಳ ಕಾಡಿದಾಗ ಶುರುಮಾಡಿದಳು, ನಾನು ಒಳಗಿನಿಂದ ಕೇಳುತ್ತಿದ್ದೆ. ‘ಒಂದ ದಿನ ಶಿವ... ಶಿವಪ್ಪಾರು...’ ಅಂದಳು. ನಿಂತಳು. ‘ಪಾರ್ವತಿ ಅಂದ್ಳು, ಏನ್ರಿ...’ ಮತ್ತೆ ನಿಂತಳು. ‘ಮುಂದಿಂದ ನೆನಪಾಗವಲ್ದವ್ವಾ’ ಅಂದಳು. ಅವಳ ಅವ್ವನಿಂದ ಬಂದು, ಅರವತ್ತು ವರ್ಷ ಬಾಯಲ್ಲಿದ್ದದ್ದು. ಮುನ್ನೂರು ಹಾಳೆಗಳ ಮೇಲೆ ಒತ್ತಿದ್ದೇನೆ ಅಂದುಕೊಂಡಿದ್ದೆ. ಶಿಕ್ಕಾ ಮುನ್ನೂರ ಒಂದನೆಯ ಕಡೆಯೂ ಬಿದ್ದಿತ್ತು.

ಹೀಗೆ ಯೋಚಿಸುತ್ತ ಭಾನುವಾರ ಸಂಜೆ ಶಿಕ್ಕಾ ಹಿಡಿದು ಕೂತಿರುವಾಗ ಭಾಗ್ಯಾ ಬಂದಳು. ಈಗ ಏಳು ವರ್ಷ ಅವಳಿಗೆ, ಅಕ್ಷರ ಬರುತ್ತವೆ. ಕಸಿದುಕೊಂಡು, ಎಂಜಲು ಹಚ್ಚಿ, ಅಂಗೈಗೆ ಒತ್ತಿಕೊಂಡಳು. ಮಸುಕು ನೀಲಿಯಲ್ಲಿ ರಿ ಮೂಡಿತು.

‘ಅಪ್ಪಾ, ಇದರ ಮುಂದಿಂದು ಎಲ್ಲಿ?’

ಶಿಕ್ಕಾದ ಮುದುಕ ಕೇಳಿದ್ದೂ ಇದನ್ನೇ. ಹೇಳಬೇಕಾಯಿತು. ಶಿಕ್ಕಾದ ಕಥೆ ಹೇಳಹೋದರೆ ಮರಿಯ ಕಥೆ ಹೇಳದೆ ದಾರಿಯಿಲ್ಲ. ಹುಟ್ಟಿದ ಮೇಲೆ ನಾನು ಆ ಕಥೆಯನ್ನು ಕೇಳಿದ್ದೇನೆ, ಬರೆದಿದ್ದೇನೆ, ತಿದ್ದಿದ್ದೇನೆ; ಬಾಯಿಂದ ಹೇಳಿದ್ದು ಅದೇ ಮೊದಲು. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಡಿತದ ಸಪ್ಪಳ ನಡುನಡುವೆ ನಿಲ್ಲುತ್ತಿತ್ತು, ಅಂದರೆ ಕೇಳುತ್ತಿದ್ದಳು. ಮೂರು ಕಣ್ಣಿನ ಮಾತು ಬಂದಾಗ ನಾನು ದನಿ ಇಳಿಸಿ, ಮಗಳ ಕಿವಿಯಲ್ಲಿ ಹೇಳಿ ದಾಟಿಸಿದೆ. ಚಂದ್ರ ಕಂದೀಲಾದ, ಮರಿ ಮನೆಗೆ ಬಂತು. ಇನ್ನು ಕೂಗಬೇಕು.

‘ನೀ ಕೂಗು’ ಅಂದೆ ಮಗಳಿಗೆ.

‘ಕಥಿ ಕೆಡಿಸಿದಾಂವ ಕೂಗಬೇಕಂತ. ಆಯಿ ಹೇಳ್ಯಾಳ’ ಅಂದಳು, ಅಡುಗೆಮನೆಯಲ್ಲಿದ್ದ ಅಜ್ಜಿಯ ಕಡೆ ಬೆರಳು ತೋರಿಸಿ.

ಎದ್ದೆ. ಹೊಸ್ತಿಲಿಗೆ ಬಂದೆ. ಗೋಕಾಕದ ನಮ್ಮ ಓಣಿಯಲ್ಲಿ ಸಂಜೆ ಆರಕ್ಕೆ ಎಲ್ಲರೂ ಹೊರಗಿರುತ್ತಾರೆ. ಎದುರು ಮನೆಯ ಶಿವಾನಂದ ಸಾಹೇಬರು, ಸರ್ಕಾರಿ ಕಚೇರಿಯಲ್ಲಿ ಹೆಡ್‌ಕ್ಲಾರ್ಕ್ ಆಗಿ ನಿವೃತ್ತರಾದವರು, ಸ್ಕೂಟರ್ ಒರೆಸುತ್ತಿದ್ದರು. ನನ್ನ ಕೈ ತಾನಾಗಿಯೇ ಬಾಗಿಲನ್ನು ಅರ್ಧ ಮುಂದೆ ಮಾಡಿತು. ಆ ಸಂದಿಯಲ್ಲಿ, ಬೋಧನೆಯ ದನಿಯಲ್ಲಿ ಅಂದೆ: ‘ಶಿವಪ್ಪಾರ... ಮರಿ ಬಂದೈತ್ರಿ... ಉಣ್ಣಾಕ ಬರ್ರಿ...’

ಅಡುಗೆಮನೆಯಲ್ಲಿ ರೊಟ್ಟಿಯ ಸಪ್ಪಳ ಪೂರ್ತಿ ನಿಂತಿತು.

‘ಲೇ ಲಕ್ಕ್ಯಾ, ಬಾಗಲಾ ತಗಿ. ಆಂವ ಹೊರಗ ಅದಾನ, ಒಳಗಲ್ಲ. ಮತ್ತ ರಿ ಅಂದ್ರ ತನಗಲ್ಲ ಅನ್ಕೊಂಡು ಮುಂದ ಹೋಗಿಬಿಡತಾನ. ವರ್ಷಾತು ಉಪಾಸ ಅದಾನ.’

ಬಾಗಿಲು ಪೂರ್ತಿ ತೆರೆದೆ. ಹಿತ್ತಾಳೆ ಪಾಟಿ ಗೋಡೆಯ ಕಡೆ ಮುಖ ಮಾಡಿಕೊಂಡಿತು. ಉಸಿರು ಎಳೆದುಕೊಂಡು, ಕುಲಗೋಡದ ಎರೆಹೊಲಕ್ಕೆ ಕೇಳುವ ಹಾಗೆ ಕೂಗಿದೆ.

‘ಲೇ ಶಿವ್ಯಾ! ಮರಿ ಬಂದೈತಿ, ಉಣ್ಣಾಕ ಬಾರಲೇ!’

ಓಣಿಯ ನಾಯಿಗಳು ಬೊಗಳಿದವು. ಎರಡು ಮನೆ ಆಚೆ ಯಾರದೋ ಕುಕ್ಕರ್ ಸೀಟಿ ಹೊಡೆದು ಸುಮ್ಮನಾಯಿತು. ಶಿವಾನಂದ ಸಾಹೇಬರು ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ನೆಟ್ಟಗೆ ನಿಂತು, ನನ್ನನ್ನೇ ನೋಡಿದರು.

‘ಸರ್ರ, ನನಗೇನ್ರಿ ಕರದದ್ದು?’

ನನ್ನ ಬೆನ್ನ ಹಿಂದೆ ರೊಟ್ಟಿಯ ಬಡಿತ ಮತ್ತೆ ಶುರುವಾಗಿತ್ತು. ಲಯ ತಪ್ಪದೆ.

‘ಅಲ್ರಿ ಸಾಹೇಬ್ರ, ನಿಮಗಲ್ರಿ’ ಅಂದೆ. ‘ನಮ್ಮ ಮನಿಯಾಂವನ್ನ ಕರ್ಯಾಕತ್ತೇನಿ.’